ಜಿಂಕೆ ರಕ್ತ ನೋಡುವ ಕೆಲಸ

ನಾನು ಪಶುವೈದ್ಯೆ. ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದೇನೆ. ದನ, ಎಮ್ಮೆ, ಕುರಿಗಳ ರಕ್ತ ದಿನಾ ಬರುತ್ತದೆ. ಜೊತೆಗೆ ಅರಣ್ಯದವರು ಜಿಂಕೆ, ಕೃಷ್ಣಮೃಗ, ಕಡವೆ, ಕಾಟಿಗಳ ರಕ್ತವನ್ನೂ ನನಗೇ ಕಳಿಸುತ್ತಾರೆ. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರಿಕೊಳ್ಳುವ, ಬರಿಗಣ್ಣಿಗೆ ಕಾಣದ ಪರೋಪಜೀವಿಗಳನ್ನು ಹುಡುಕಿ ಹೇಳುವುದು ನನ್ನ ಕೆಲಸ. ಅದರಲ್ಲಿ ನನ್ನ ಕಣ್ಣು ತಪ್ಪುವುದು ಅಪರೂಪ ಅಂತ ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ. ಇಷ್ಟು ಗಂಭೀರ ಕೆಲಸದಲ್ಲಿ ನಗೋಕೆ ಏನಿರುತ್ತೆ ಅಂತ ಕೇಳುವವರಿದ್ದಾರೆ. ನಾಲ್ಕು ಕಾಲಿನವು ನನ್ನನ್ನು ಯಾವತ್ತೂ ನಗಿಸಿಲ್ಲ, ನಿಜ. ಅವುಗಳ ರಕ್ತದ ಸುತ್ತ ಸೇರುವ ಎರಡು ಕಾಲಿನವರು ಮಾತ್ರ ವಾರಕ್ಕೊಂದು ಸಲವಾದರೂ ನಗಿಸದೆ ಬಿಟ್ಟಿಲ್ಲ.

ಡೋಸು ಎಷ್ಟು?

ಹರಿಹರದಲ್ಲಿ ಅರಣ್ಯ ಕಾವಲುಗಾರರಿಗೆ ಒಂದು ದಿನದ ತರಬೇತಿ ಇತ್ತು. ಮಧ್ಯಾಹ್ನದ ಊಟ ಮುಗಿದು ಎಲ್ಲರ ಕಣ್ಣೂ ಎಳೆಯುತ್ತಿದ್ದವು. ಹಾಗಾಗಿ ಸರಳವಾಗಿ ಹೇಳಿದೆ. "ಪರೋಪಜೀವಿ ಅಂದ್ರೆ ಇನ್ನೊಬ್ಬರ ಮನೆ ಹೊಕ್ಕು, ಅವರದ್ದೇ ತಿಂದು, ಅವರನ್ನೇ ಸಣ್ಣ ಮಾಡಿ, ಹೊರಗೆ ಹೋಗು ಅಂದ್ರೂ ಹೋಗದೇ ಇರೋದು."

ಹಿಂದಿನ ಸಾಲಿನಲ್ಲಿದ್ದ ಹಿರಿಯ ಕಾವಲುಗಾರರು ಥಟ್ಟನೆ ಎದ್ದು ನಿಂತರು.

"ಅದಕ್ಕೆ ಔಷಧಿ ಐತೇನ್ರಿ ಮೇಡಂ?"

"ಐತೆ. ಇಂಜೆಕ್ಷನ್ ಕೊಟ್ರೆ ಎರಡು ಮೂರು ದಿನದಾಗೆ ಖಾಲಿ. ಆದ್ರೆ ತೂಕ ನೋಡಿ ಡೋಸು ಕೊಡಬೇಕು."

ಅವರು ಜೇಬಿನಿಂದ ಪೆನ್ನು ತೆಗೆದರು. "ಬರ್ಕೊಂತೀನಿ, ಹೇಳ್ರಿ. ನಮ್ಮ ಭಾಮೈದ ಹತ್ರಹತ್ರ ಎಂಬತ್ತು ಕೇಜಿ ಅದಾನೆ."

ಮೊಹರು ಮಾಡಿದ ಡಬ್ಬಿ

ಒಂದು ಶನಿವಾರ ಏಳು ಚುಕ್ಕೆ ಜಿಂಕೆಗಳ ರಕ್ತ ಬಂದಿತ್ತು. ಅವತ್ತೇ ಪ್ರಯೋಗಾಲಯದ ಫ್ರಿಜ್ಜು ಕೈಕೊಟ್ಟಿತು. ರಕ್ತ ಕೆಟ್ಟರೆ ಜಿಂಕೆಗಳನ್ನು ಮತ್ತೆ ಹಿಡಿಯಬೇಕು. ಜಿಂಕೆ ಅಂದರೆ ಹಿಡಿದವರ ಕೈಯಲ್ಲೇ ಹೆದರಿ ಎದೆಯೊಡೆದು ಸಾಯುವ ಪ್ರಾಣಿ. ಬೇರೆ ದಾರಿ ಕಾಣದೆ, ಟ್ಯೂಬುಗಳನ್ನು ಒಂದು ಡಬ್ಬಿಗೆ ಹಾಕಿ, ಅದನ್ನು ಇನ್ನೊಂದು ಡಬ್ಬಿಯೊಳಗಿಟ್ಟು, ಸುತ್ತ ಟೇಪು ಸುತ್ತಿ, 'ಒಡೆಯುತ್ತೆ, ಅಲುಗಾಡಿಸಬೇಡಿ' ಅಂತ ಬರೆದು ಆವರಗೆರೆಯ ನಮ್ಮ ಮನೆಗೆ ತಂದು ಫ್ರಿಜ್ಜಿನೊಳಗೆ ಹಿಂದುಗಡೆ ಸೇರಿಸಿದೆ.

ನಮ್ಮ ಅತ್ತೆ ಲಿಂಗಪೂಜೆ ಆಗದೆ ಒಂದು ಗುಟುಕು ನೀರೂ ಕುಡಿಯದವರು. ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಡಬ್ಬಿಯನ್ನು ಅಡುಗೆಮನೆ ಕಟ್ಟೆ ಮೇಲಿಟ್ಟುಕೊಂಡು ಕೈಕಟ್ಟಿ ನಿಂತಿದ್ದಾರೆ. ಮುಖ ಕೆಂಪಗಾಗಿದೆ.

"ಏನವ್ವಾ ಇದು? ಸುಳ್ಳು ಹೇಳಬ್ಯಾಡ."

"ಅತ್ತೆ, ಅದು... ಜಿಂಕೆ ರಕ್ತ."

"ರಕ್ತನಾ? ಖರೇನಾ?"

"ಹೂಂ ಅತ್ತೆ. ನಾಳೆನೇ ತಗೊಂಡ್ ಹೋಗಿಬಿಡ್ತೀನಿ."

ಅವರು ಉಸಿರುಬಿಟ್ಟು ಸ್ಟೂಲಿನ ಮೇಲೆ ಕೂತರು. "ಅಯ್ಯೋ ಶಿವನೇ, ಬದುಕಿದೆ. ಒಡೆಯುತ್ತೆ ಅಂತ ಬರೆದಿದ್ದು ನೋಡಿ, ಎಲ್ಲಿ ಮೊಟ್ಟೆ ತಂದಿಟ್ಟೀಯೋ ಅಂದ್ಕೊಂಡಿದ್ದೆ!"

ಬಸ್ಸಿನಲ್ಲಿ ಔಡಲ ಬೀಜ

ಕೊಂಡಜ್ಜಿ ಹತ್ತಿರದ ಮೆಕ್ಕೆಜೋಳದ ಹೊಲದಲ್ಲಿ ಒಂದು ಕೃಷ್ಣಮೃಗ ಏಳಲಾರದೆ ಬಿದ್ದಿತ್ತು. ಹೊಲದವರು ನಾಯಿಗಳು ಮುಟ್ಟದ ಹಾಗೆ ಬೆಳಗಿನಿಂದ ಕೋಲು ಹಿಡಿದು ಕಾದಿದ್ದರು. ಹೋಗಿ ನೋಡಿದರೆ ವಸಡು ಬಿಳಿಚಿಕೊಂಡಿದೆ, ಕಿವಿಯ ಒಳಗೆಲ್ಲ ಉಣ್ಣೆ. ಅಲ್ಲೇ ಔಷಧಿ ಕೊಟ್ಟೆವು. ಮೂರನೇ ದಿನ ಅದು ಬೇಲಿ ಹಾರಿ ಹೋಯಿತು. ಆ ಮಾತು ಇರಲಿ. ಕಿವಿಯಿಂದ ಕಿತ್ತ ಉಣ್ಣೆಗಳನ್ನು ಪರೀಕ್ಷೆಗೆಂದು ಗಾಜಿನ ಬಾಟಲಿಗೆ ಹಾಕಿಕೊಂಡು ಹರಿಹರದಲ್ಲಿ ಬಸ್ಸು ಹತ್ತಿದೆ. ಮೂರು ಜನರ ಸೀಟು. ಪಕ್ಕದಲ್ಲಿ ಇಬ್ಬರು ಹೆಂಗಸರು, ರೈತರ ಮನೆಯವರು.

"ಔಡಲ ಬೀಜ ಏನ್ ಚಂದ ಅದಾವ್ರಿ," ಅಂದರು ಒಬ್ಬರು ಬಾಟಲಿ ನೋಡಿ. ಔಡಲ ಅಂದರೆ ಹರಳು; ರಕ್ತ ಕುಡಿದು ಊದಿದ ಉಣ್ಣೆ ಥೇಟ್ ಅದರ ಬೀಜವೇ. "ಯಾವ ತಳಿರಿ? ನಮಗೂ ಎರಡು ಕೊಡ್ರಿ, ಹಿತ್ತಲಾಗೆ ಹಾಕ್ತೀವಿ."

"ಇವನ್ನ ಹಾಕೋದು ಬ್ಯಾಡ ಅಕ್ಕಾ."

"ಯಾಕ? ಮೊಳಕೆ ಬರಲ್ವಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಒಂದು ಬೀಜ ಕಾಲು ಬಿಚ್ಚಿ ಬಾಟಲಿಯ ಗೋಡೆ ಹತ್ತತೊಡಗಿತು. ಹಿಂದೆ ಮುಂದೆ ಜನ ನಿಂತೇ ಇದ್ದರು, ನಾನು ಮಾತ್ರ ದಾವಣಗೆರೆವರೆಗೂ ಮೂರು ಜನರ ಸೀಟಿನಲ್ಲಿ ಒಬ್ಬಳೇ ಕಾಲು ಚಾಚಿಕೊಂಡು ಬಂದೆ.

ಗಂಡು ಕಡವೆ, ವಯಸ್ಸು ಆರು

ಅರಣ್ಯದವರು ಕಾಲಿಗೆ ಪೆಟ್ಟಾಗಿ ಸಿಕ್ಕ ಒಂದು ಗಂಡು ಕಡವೆಯನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು ನೋಡಿಕೊಳ್ಳುತ್ತಿದ್ದರು. ಅದು ಮೇವು ಬಿಟ್ಟಿತು. ಅಲ್ಲಿನ ವೈದ್ಯರು ಅದಕ್ಕೆ ಅರಿವಳಿಕೆ ಚುಚ್ಚುಮದ್ದು ಕೊಟ್ಟು ಮಲಗಿಸುವಾಗ ಕಿವಿ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿ ಕಳಿಸಿ ಅಂತ ಗಾರ್ಡ್ ಒಬ್ಬರಿಗೆ ಹೇಳಿಕೊಟ್ಟಿದ್ದೆ. ಅವರಿಗೆ ಮೂವತ್ತರ ಆಸುಪಾಸು, ಬಹಳ ನಿಯತ್ತಿನ ಮನುಷ್ಯ.

ಗಾಜಿನ ಪಟ್ಟಿ ಬಂತು. ಜೊತೆಗೆ ಕಡವೆಯ ವಿವರದ ಚೀಟಿ. ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕಡವೆಯ ರಕ್ತಕಣ ಸಣ್ಣದು. ಇವು ದೊಡ್ಡವು. ಒಳಗೆ ಉಂಗುರದ ಹಾಗೆ ಕೂತಿದ್ದ ಜೀವಿಯನ್ನು ನೋಡಿದ ಮೇಲಂತೂ ನನಗೆ ಅನುಮಾನವೇ ಉಳಿಯಲಿಲ್ಲ. ಫೋನ್ ಮಾಡಿದೆ.

"ಇದು ಯಾರ ರಕ್ತ?"

"ಕಡವೆದು, ಮೇಡಂ." ದನಿ ನಡುಗುತ್ತಿತ್ತು.

"ಕಡವೆಗೆ ದಿನ ಬಿಟ್ಟು ದಿನ ಚಳಿಜ್ವರ ಬರ್ತೈತಾ?"

"ನಿಮಗೆ ಹೆಂಗೆ ಗೊತ್ತಾತು ಮೇಡಂ?"

"ಕಡವೆ ಈಗ ಎಲ್ಲೈತೆ?"

"ಕಂಬಳಿ ಹೊದ್ಕೊಂಡು ಮೂಲ್ಯಾಗೆ ಕುಂತೈತೆ ಮೇಡಂ."

ಆಮೇಲೆ ನಿಜ ಹೊರಗೆ ಬಂತು. ತೆಗೆದಿದ್ದ ಗಾಜಿನ ಪಟ್ಟಿ ಕೈಜಾರಿ ಒಡೆದಿತ್ತು. ಅಷ್ಟರಲ್ಲಿ ಅಮಲು ಇಳಿದು ಕಡವೆ ಎದ್ದು, ಕೊಂಬು ಬಗ್ಗಿಸಿ ಇವರನ್ನೇ ನೋಡುತ್ತಿತ್ತು. "ನನ್ನ ಬೆರಳೇ ಚುಚ್ಕೊಂಡೆ ಮೇಡಂ. ಎಲ್ಲರದ್ದೂ ಕೆಂಪಗೇ ಇರ್ತೈತಲ್ಲ, ನಡೀತೈತೆ ಅಂದ್ಕೊಂಡೆ. ತಪ್ಪಾತು."

ಬೈಯಬೇಕು ಅನಿಸಿತು. ಆದರೆ ಮಲೇರಿಯಾ ಹೊತ್ತುಕೊಂಡ ಮನುಷ್ಯ ಎಂಟು ದಿನದಿಂದ ಬರೀ ಜ್ವರದ ಮಾತ್ರೆ ನುಂಗಿಕೊಂಡು ಡ್ಯೂಟಿ ಮಾಡುತ್ತಿದ್ದ. "ಈಗಿಂದೀಗ ಆಸ್ಪತ್ರೆಗೆ ಹೋಗ್ರಿ, ರಿಪೋರ್ಟ್ ಮೊಬೈಲಿಗೆ ಕಳಿಸ್ತೀನಿ" ಅಂದು, ಕಡವೆಯ ಚೀಟಿ ನೋಡಿ ಮೊದಲೇ ತುಂಬಿಟ್ಟಿದ್ದ ಫಾರಂನ ಕೆಳಗೆ ಮಲೇರಿಯಾ ಅಂತ ಬರೆದು, ಫೋಟೋ ತೆಗೆದು ಕಳಿಸಿದೆ. ಮಾರನೇ ದಿನ ನಾನೇ ಹೋಗಿ ಕಡವೆಯ ರಕ್ತ ತಂದೆ. ಅದರಲ್ಲಿ ಉಣ್ಣೆಯಿಂದ ಬರುವ ರೋಗ ಸಿಕ್ಕಿತು, ಔಷಧಿ ಬಿತ್ತು, ಕಡವೆ ಮೇವಿಗೆ ಬಾಯಿ ಹಾಕಿತು.

ಎರಡು ವಾರದ ಮೇಲೆ ಗಾರ್ಡ್ ನಮ್ಮ ಪ್ರಯೋಗಾಲಯಕ್ಕೆ ಬಂದರು. ಮುಖದಲ್ಲಿ ಕಳೆ ಬಂದಿತ್ತು.

"ಬರ್ರಿ, ಕೂಡ್ರಿ. ಆಸ್ಪತ್ರೇಲಿ ಚೆನ್ನಾಗಿ ನೋಡಿದ್ರಾ?"

"ಚೆನ್ನಾಗೇ ನೋಡಿದ್ರು ಮೇಡಂ. ಆದ್ರೆ ನೀವು ಕಳಿಸಿದ ಫಾರಂ ನೋಡ್ಕೊಂಡು ಚೀಟಿ ಮಾಡಿದ್ರು. ಹೊರಗೆ ನಲವತ್ತು ಜನ ಕುಂತಾರೆ, ನರ್ಸಮ್ಮ ಬಾಗಿಲಿಗೆ ಬಂದು ಕೂಗಿದ್ರು. 'ಗಂಡು ಕಡವೆ, ಆರು ವರ್ಷ, ಯಾರ್ರಿ? ಒಳಗೆ ಬರ್ರಿ!'"

ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. "ನೀವೇನು ಮಾಡಿದ್ರಿ?"

"ಏನ್ ಮಾಡ್ಲಿ ಮೇಡಂ," ಅಂದರು, ಟೋಪಿ ಸರಿಮಾಡಿಕೊಳ್ಳುತ್ತಾ. "ಎದ್ದು ಹೋದೆ."