ಪಟ್ಟಾಪಟ್ಟಿ ಚಡ್ಡಿಗೊಂದು ಸಾಫ್ಟ್‌ವೇರ್

ಕೆಲವರನ್ನು ಅದೃಷ್ಟ ಹುಡುಕಿಕೊಂಡು ಬರುತ್ತದಂತೆ. ನನ್ನನ್ನು ಫಜೀತಿ ಹುಡುಕಿಕೊಂಡು ಬರುತ್ತದೆ. ಮನೆ ಬದಲಾಯಿಸಿದರೂ ಹೊಸ ವಿಳಾಸ ಅದಕ್ಕೆ ಅಂಚೆಯವನಿಗಿಂತ ಮೊದಲೇ ಗೊತ್ತಾಗಿರುತ್ತದೆ.

ಈ ಸಲ ಅದು ಕ್ಯಾಮೆರಾದ ರೂಪದಲ್ಲಿ ಬಂತು. ಮದುವೆಗೆ ಮುಂಚೆ ರಾಯಚೂರಿನಲ್ಲಿದ್ದಾಗ ನನಗೆ ಫೋಟೋ ತೆಗೆಯುವ ಹುಚ್ಚಿತ್ತು. ರೀಲಿನ ಕ್ಯಾಮೆರಾ ಹೆಗಲಿಗೇರಿಸಿ ಕೋಟೆ ಗೋಡೆ, ಆಡು, ಸೂರ್ಯಾಸ್ತ ಯಾವುದನ್ನೂ ಬಿಟ್ಟವನಲ್ಲ. ಬಾಲಾನಗರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಹೈದರಾಬಾದಿಗೆ ಬಂದ ಮೇಲೆ ಕ್ಯಾಮೆರಾ ಟ್ರಂಕು ಸೇರಿತು. ಹದಿನೈದು ವರ್ಷ ಬಿಟ್ಟು ತೆಗೆದು ನೋಡಿದರೆ ಲೆನ್ಸಿನೊಳಗೆ ಬೂಷ್ಟು. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲ. ನಾನೊಬ್ಬ ಯಾಕೆ ಹಿಂದುಳಿಯಲಿ ಎಂದು ಡಿಜಿಟಲ್ ಕ್ಯಾಮೆರಾ ಕೊಂಡೆ.

ಆ ಹೊತ್ತಿಗೇ ಹೆಂಡತಿಯ ತಮ್ಮನ ಮದುವೆ ವಿಷಯ ಎದ್ದಿತ್ತು. ಅವನು ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಟರ್ನರ್. ಮೂವತ್ತೆರಡರ ಒಳ್ಳೆಯ ಹುಡುಗ. ಆದರೆ ಹೆಣ್ಣಿನ ಕಡೆಯವರದು ಒಂದೇ ಪ್ರಶ್ನೆ: "ಹುಡುಗ ಸಾಫ್ಟ್‌ವೇರಾ?" ಅಲ್ಲ ಎಂದರೆ ಚಹಾ ಕುಡಿಯುವಷ್ಟು ಹೊತ್ತೂ ಕೂಡುತ್ತಿರಲಿಲ್ಲ. ಐದು ಸಂಬಂಧ ಹಾಗೇ ಹೋದವು. ಆರನೆಯದು ಉಪ್ಪಲ್‌ನಲ್ಲಿ ನೆಲೆಸಿದ್ದ ಸಿಂಧನೂರು ಕಡೆಯ ಕಟ್ಟಡ ಮೇಸ್ತ್ರಿಯೊಬ್ಬರ ಮಗಳು, ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಮೇಸ್ತ್ರಿ ಹೇಳಿ ಕಳಿಸಿದ್ದರು: "ಹತ್ತು ಸಾಫ್ಟ್‌ವೇರ್ ಕಂಪನಿ ನಾನ ಕಟ್ಟೀನಿ. ಕಟ್ಟಿ ಮುಗಿದ ಮ್ಯಾಲೆ ನನ್ನ ಗೇಟಿನೊಳಗ ಬಿಡಂಗಿಲ್ಲ. ಅಂಥಾ ಅಳಿಯ ನನಗ ಬ್ಯಾಡ. ನಿಮ್ಮ ಹುಡುಗನ ಫೋಟೋ ಕಳಸ್ರಿ."

ಹೆಂಡತಿ ದೇವರಿಗೆ ಕೈಮುಗಿದು ನನ್ನ ಕಡೆ ತಿರುಗಿದಳು. "ಇದೂ ತಪ್ಪಿದ್ರ ನನ್ನ ತಮ್ಮ ಲೇತ್ ಮಿಷನ್ನಿಗೇ ತಾಳಿ ಕಟ್ಟಬೇಕಾಗತೈತಿ. ಫೋಟೋ ನೆಟ್ಟಗ ತಗೀರಿ."

ಕಾಣದ ಚಡ್ಡಿ

ಮೆಹದಿಪಟ್ಟಣಂನ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಅವನನ್ನು ನಿಲ್ಲಿಸಿದೆ. ಬೆಳಕು ಎಡಗಡೆಯಿಂದ ಬರಬೇಕು, ಗದ್ದ ಸ್ವಲ್ಪ ಮೇಲೆ, ಭುಜ ಸಡಿಲ ಎಂದು ಅರ್ಧ ಗಂಟೆ ಉಪದೇಶ ಮಾಡಿದೆ. ಒಂದೇ ಒಂದು ಫೋಟೋ ತೆಗೆದೆ. ರೀಲಿನ ಕಾಲದ ಜಿಪುಣತನ ಬೆರಳಿನಿಂದ ಹೋಗಿರಲಿಲ್ಲ.

ಕಂಪ್ಯೂಟರಿನಲ್ಲಿ ನೋಡಿದೆವು. ಹುಡುಗ ಚೆಂದ ಬಂದಿದ್ದ. ಅವನ ಬಲಗಿವಿಗೆ ಅಂಟಿಕೊಂಡಂತೆ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಪಟ್ಟಾಪಟ್ಟಿ ಚಡ್ಡಿಯೂ ಚೆಂದ ಬಂದಿತ್ತು. ಬಿಡಿಭಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದು ವಾಪಸ್ ಕಳಿಸುವುದು ಕಾರ್ಖಾನೆಯಲ್ಲಿ ನನ್ನ ಕೆಲಸ. ಎರಡು ಗೇಣಿನ ಚಡ್ಡಿ ನನಗೆ ಕಂಡಿರಲಿಲ್ಲ.

"ಹುಡುಗಿಗೆ ಯಾರನ್ನ ತೋರ್ಸಾಕತ್ತೀರಿ?" ಎಂದಳು ಹೆಂಡತಿ. "ನನ್ನ ತಮ್ಮನ್ನೋ, ನಿಮ್ಮ ಚಡ್ಡೀನೋ?"

ಕ್ರಾಪು

ಮಹಡಿ ಮೇಲಿನ ಕೋಣೆಯಲ್ಲಿ ಮಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬನಿದ್ದ. ಕರೆದು ತೋರಿಸಿದೆ.

"ಎಂತ ದೊಡ್ಡ ವಿಷಯ ಅಂಕಲ್? ಕ್ರಾಪ್ ಮಾಡಿದರೆ ಆಯ್ತು," ಎಂದ. ಆ 'ಅಂಕಲ್' ಅನ್ನು ನುಂಗಿಕೊಂಡು ಕ್ರಾಪ್ ಎಂದರೆ ಅಂಚು ಕತ್ತರಿಸುವುದೆಂದು ತಿಳಿದುಕೊಂಡೆ. ಕತ್ತರಿಸಿ ನೋಡಿದರೆ ಚಡ್ಡಿಯ ಜೊತೆ ಹುಡುಗನ ಕಿವಿಯೂ ಹೋಗುತ್ತಿತ್ತು. ಇರಲಿ, ಭಾನುವಾರ ಹೊಸ ಫೋಟೋವನ್ನೇ ತೆಗೆದುಬಿಡೋಣ ಎಂದುಕೊಂಡು ಭಾಮೈದನಿಗೆ ಫೋನ್ ಮಾಡಿದೆ. "ಭಾನುವಾರ ಬಾರಪ್ಪ. ಮ್ಯಾಲಿನ ಹುಡುಗ ಕ್ರಾಪ್ ಮಾಡ್ಸು ಅಂತಾನ, ಆದ್ರ ಅದು..." ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು.

ಭಾನುವಾರ ಬಂದ. ತಲೆ ಆಗಷ್ಟೇ ಕೊಯ್ಲಾದ ಜೋಳದ ಹೊಲದಂತಿತ್ತು.

"ಕ್ರಾಪ್ ಮಾಡ್ಸು ಅಂದ್ರಲ್ಲ ಮಾಮಾ," ಎಂದು ತಲೆ ಸವರಿಕೊಂಡ. "ಫೋಟೋಕ್ಕಲ್ಲೇನು, ಜೀರೋ ಮಿಷನ್ ಹಾಕ್ಸೀನಿ!"

ಹಳೇದಾದ್ರೂ ನಡೀತೈತಿ

ಈಗ ಕೂದಲಿರುವ ಫೋಟೋ ಜಗತ್ತಿನಲ್ಲಿ ಅದೊಂದೇ. ಅದರಲ್ಲಿ ಚಡ್ಡಿ ಅಳಿಸಲೇಬೇಕು, ಅಳಿಸಲು ಒಳ್ಳೆಯ ಸಾಫ್ಟ್‌ವೇರ್ ಬೇಕು. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಮ್ಮ ಕಡೆಯ ಹಿರಿಯ ಗುಮಾಸ್ತರೊಬ್ಬರಿದ್ದರು. ಅವರ ಮನೆಯಲ್ಲೂ ಕಂಪ್ಯೂಟರ್ ಇದೆಯೆಂದು ಕೇಳಿ ಊಟದ ಹೊತ್ತಿಗೆ ಹೋದೆ.

"ಒಂದು ಚಲೋ ಸಾಫ್ಟ್‌ವೇರ್ ಹುಡುಕಾಕತ್ತೀನ್ರಿ."

ಅವರು ಖುಷಿಯಾಗಿ ರೊಟ್ಟಿ ಮುರಿದು ಬಾಯಿಗಿಟ್ಟರು. "ನಮ್ಮ ಷಡ್ಡಕರ ಮಗ ಅದಾನ್ರಿ. ಹೆಂಗಿರಬೇಕು ಹೇಳ್ರಿ."

ಷಡ್ಡಕರ ಮಗ ಸಿ.ಡಿ. ಮಾರುತ್ತಾನೆಂದು ನಾನು ತಿಳಿದೆ. "ಭಾಳ ದೊಡ್ಡದು ಬ್ಯಾಡ್ರಿ. ಹೇಳಿದ ಕೆಲಸ ಸುಮ್ಮನ ಮಾಡಬೇಕು."

"ಭಾಳ ಸಂಭಾವಿತ ಅದಾನ."

"ಹೊಸದ ಬೇಕಂತಿಲ್ರಿ. ಹಳೇದಾದ್ರೂ ನಡೀತೈತಿ. ಮೊದಲೇ ಎರಡು ಮನ್ಯಾಗ ಬಳಸಿದ್ದಾದ್ರೂ ಅಡ್ಡಿ ಇಲ್ಲ."

ಅವರ ಗಂಟಲಲ್ಲಿ ರೊಟ್ಟಿ ಸಿಕ್ಕಿತು. ನೀರು ಕುಡಿದು, ಆಚೀಚೆ ನೋಡಿ ಮೆಲ್ಲಗೆ ಕೇಳಿದರು: "ನಿಮ್ಮ ಮಗಳು ಇನ್ನೂ ಏಳನೇ ಕ್ಲಾಸು ಅಲ್ಲೇನ್ರಿ?"

ಒಂದಿದ್ದದ್ದು ಮೂರು

ಕಡೆಗೆ ಮಂಗಳೂರಿನ ಹುಡುಗನೇ ನಾಲ್ಕು ಸಿ.ಡಿ. ತಂದುಕೊಟ್ಟು, "ಒಂದೊಂದೇ ಹಾಕಿ ನೋಡಿ ಅಂಕಲ್, ಹಿಡಿಸಿದ್ದನ್ನು ಇಟ್ಟುಕೊಳ್ಳಿ," ಎಂದ. ಮೊದಲನೆಯದು ನಮ್ಮ ಕಂಪ್ಯೂಟರ್ ನೋಡಿ ಒಳಗೆ ಬರಲೇ ಒಪ್ಪಲಿಲ್ಲ. ಎರಡನೆಯದರಲ್ಲಿ ಎಷ್ಟು ಗುಂಡಿಗಳಿದ್ದವೆಂದರೆ ಹುಡುಗನ ಮುಖ ಇಡಲು ಜಾಗ ಉಳಿದಿರಲಿಲ್ಲ. ಮೂರನೆಯದರಲ್ಲಿ ಒಂದು ಕಡೆಯ ಬಣ್ಣ ಎತ್ತಿ ಇನ್ನೊಂದು ಕಡೆ ಬಳಿಯುವ ಕುಂಚವಿತ್ತು. ಆಕಾಶ ಎತ್ತಿ ಚಡ್ಡಿಯ ಮೇಲೆ ಬಳಿಯಬೇಕು. ನಾನು ಚಡ್ಡಿ ಎತ್ತಿ ಆಕಾಶಕ್ಕೆ ಬಳಿದೆ. ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದೆ. ಹುಡುಗನ ತಲೆಯ ಸುತ್ತ ಮೂರು ಚಡ್ಡಿ ಹಾರಾಡತೊಡಗಿದವು.

ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. "ಇರಲಿ ಬಿಡ್ರಿ, ಹಬ್ಬಕ್ಕ ಹೊಸಾವು ತರೂದು ತಪ್ಪಿತು," ಎಂದಳು.

ಉಪ್ಪಲ್‌ನ ಚಹಾ

ನಾಲ್ಕನೆಯದು ನನ್ನ ಮಾತು ಕೇಳಿತು. ಚಡ್ಡಿ ಮಾಯವಾಯಿತು, ಆಕಾಶ ಬಂತು. ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಸರಿಯಾದದ್ದನ್ನು ಆರಿಸಿದೆನೆಂದು ಹೆಮ್ಮೆಯಿಂದ ಫೋಟೋವನ್ನು ಖಾಲಿ ಸಿ.ಡಿ.ಗೆ ಹಾಕಿ ಸ್ಟುಡಿಯೋಕ್ಕೆ ಕೊಟ್ಟೆ. ಪ್ರಿಂಟು ಬಾಯಿ ಅಂಟಿಸಿದ ಕವರಿನೊಳಗೆ ಬಂತು. ನಾನು ಒಡೆದು ನೋಡುವ ಮೊದಲೇ ಹೆಂಡತಿ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದಳು. "ಕುಂಕುಮ ಹಚ್ಚಿದ್ದು ಒಡೀಬಾರದ್ರಿ," ಎಂದಳು. ಹಾಗೇ ಉಪ್ಪಲ್‌ಗೆ ಹೋಯಿತು.

ಎರಡು ದಿನ ಬಿಟ್ಟು ಮೇಸ್ತ್ರಿಯ ಫೋನು. "ಫೋಟೋ ನೋಡಿದ್ವಿ. ಒಂದು ಮಾತು ಕೇಳೂದೈತಿ. ಹುಡುಗನ್ನ ಕರ್ಕೊಂಡು ಬರ್ರಿ."

ಮೂವರೂ ಬಸ್ಸು ಹತ್ತಿದೆವು. ನನ್ನ ಶೋಕಿಗೆ ಆ ಹುಡುಗನ ಬಾಳು ಬಲಿಯಾಗುತ್ತದೇನೋ ಎಂದು ಅವನ ಮುಖ ನೋಡಲೂ ಆಗಲಿಲ್ಲ.

ಮೇಸ್ತ್ರಿ ಚಹಾ ಕೊಡಿಸಿದರು. ಹುಡುಗನ ತಲೆ ನೋಡಿದರು. ಫೋಟೋ ತೆಗೆದು ನನ್ನ ಕೈಗಿಟ್ಟರು. ಹುಡುಗನ ಎದೆಯ ಮೇಲೆ ಅಡ್ಡಡ್ಡಲಾಗಿ, ಲಾರಿಯ ಮೇಲೆ ಬರೆದಷ್ಟು ದೊಡ್ಡ ಇಂಗ್ಲಿಷ್ ಅಕ್ಷರಗಳು. ಸೇವ್ ಮಾಡುವಾಗ ಆ ಪುಕ್ಕಟೆ ಸಾಫ್ಟ್‌ವೇರ್ ಒತ್ತಿದ ಮುದ್ರೆ ಅದು.

"ನನಗ ಇಂಗ್ಲಿಷ್ ಬರಂಗಿಲ್ಲ," ಎಂದರು ಮೇಸ್ತ್ರಿ. "ಮಗಳು ಓದಿ ಹೇಳಿದ್ಲು, 'ಟ್ರಯಲ್ ವರ್ಷನ್, ಬರೀ ಮೂವತ್ತು ದಿನ' ಅಂತ. ಏನ್ರಿ ಇದರ ಅರ್ಥ?"

ನಾನು ಗಡಬಡಿಸಿ ಎದ್ದೆ. "ಅದು ಹುಡುಗಂದಲ್ರಿ! ಸಾಫ್ಟ್‌ವೇರಿಂದು!"

ಮೇಸ್ತ್ರಿಯ ಹುಬ್ಬು ಗಂಟಾಯಿತು. "ಹುಡುಗ ಸಾಫ್ಟ್‌ವೇರ್ ಅಲ್ಲ ಅಂದಿದ್ರಿ?"

ನಾನು ಎಲ್ಲ ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ಚಡ್ಡಿಯ ವಿಷಯವೂ ಹೊರಬಿತ್ತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗಿನ ಬಾಗಿಲ ಹಿಂದೆ ಯಾರೋ ನಗು ತಡೆಯಲು ಒದ್ದಾಡುವ ಸದ್ದು.

ಆಮೇಲೆ ಆ ಟೀಚರ್ ಹುಡುಗಿಯ ದನಿ ಸ್ಪಷ್ಟವಾಗಿ ಬಂತು: "ಅಪ್ಪಾ, ಮೂವತ್ತು ದಿನದ ಟ್ರಯಲ್ ನಮಗ ಬ್ಯಾಡಂತ ಹೇಳು. ಪೂರಾ ವರ್ಷನ್ ಯಾವಾಗ ಕೊಡ್ತಾರ ಕೇಳು."

ಬಂದಾಗಿನಿಂದ ಬಾಯಿ ಬಿಡದೆ ಕೂತಿದ್ದ ನನ್ನ ಭಾಮೈದ ಚಹಾದ ಕಪ್ಪು ಹಿಡಿದೇ ಎದ್ದು ನಿಂತ.

"ಬರೋ ಶ್ರಾವಣದಾಗ್ರಿ!"