ಲಿಂಬೆಹಣ್ಣಿನ ಪಂದ್ಯಕ್ಕೆ ಶ್ರಾವಣದ ರೊಟ್ಟಿ

ಕೆಂಭಾವಿಯ ಬಟ್ಟೆ ಅಂಗಡಿ ರೇವಣಸಿದ್ದನಿಗೆ ಬಾರದ ವಿದ್ಯೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಒಂದೇ. ನಾಗರಪಂಚಮಿಯ ಹಿಂದಿನ ದಿನ ಹೆಂಡತಿ ಬಸವೇಶ್ವರಿ, ತಾಯಿ ಚಂದಮ್ಮ ಇಬ್ಬರೂ ಬೆಳಗಿನಿಂದ ಒಲೆ ಮುಂದೆ ಕೂತು ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಓಣಿಗೆಲ್ಲ ಹಂಚಬೇಕು, ಮರುದಿನ ಹಬ್ಬದ ನೇಮದಂತೆ ಒಲೆ ಮೇಲೆ ಹಂಚು ಇಡುವಂತಿಲ್ಲ.

"ಕೈ ಬಿದ್ದು ಹೋದ್ವು" ಎಂದು ಬಸವೇಶ್ವರಿ ಭುಜ ಒತ್ತಿಕೊಂಡಳು.

"ಹಿಟ್ಟಿಗೆ ನಾಕು ಏಟು ಹಾಕಿದ್ರ ಕೈ ಬಿದ್ದು ಹೋಗ್ತಾವೇನು? ಕೈ ಅಂದ್ರ ಇದು!" ಎಂದು ರೇವಣಸಿದ್ದ ಅಂಗಿ ತೋಳು ಏರಿಸಿದ. (ಆ ತೋಳು ಇಪ್ಪತ್ತು ವರ್ಷಗಳಲ್ಲಿ ಎತ್ತಿದ ಅತಿ ಭಾರದ ಆಯುಧ ಬಟ್ಟೆ ಅಳೆಯುವ ಗಜಕಡ್ಡಿ.) "ನಾಳೆ ನಮ್ಮ ಬಾಗಲದಿಂದ ಹಣಮಪ್ಪನ ಗುಡಿ ಕಟ್ಟಿತನಕ ಇಪ್ಪತ್ತೊಂದು ಸಲ ಒಗದು ಲಿಂಬಿಹಣ್ಣು ಮುಟ್ಟಿಸ್ತೀನಿ."

ಪಂಚಮಿಯ ಹಳೆ ಆಟವದು. ಎಸೆದ ಹಣ್ಣು ಎಲ್ಲಿ ಬೀಳುತ್ತದೋ ಅಲ್ಲಿಂದಲೇ ಎತ್ತಿ ಮತ್ತೆ ಎಸೆಯಬೇಕು. ಹೇಳಿದ ಎಣಿಕೆಯೊಳಗೆ ಗುರಿ ಮುಟ್ಟಬೇಕು.

"ಮುಟ್ಟದಿದ್ರ?"

"ಶ್ರಾವಣ ಮುಗಿಯೋತನಕ ಮನಿ ರೊಟ್ಟಿ ನಾ ಬಡೀತೀನಿ. ಮುಟ್ಟಿದ್ರ ಮಾತ್ರ ಇನ್ನ ಮ್ಯಾಲ ನೀ ನನಗ ಎದುರು ಮಾತಾಡಂಗಿಲ್ಲ!"

"ಆಗಲ್ರಿ" ಎಂದಳು ಬಸವೇಶ್ವರಿ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಅಲ್ಲೇ ಅವನಿಗೆ ಅನುಮಾನ ಬರಬೇಕಿತ್ತು.

"ನಾನೂ ಒಂದ್ಸಲ ಒಗೀತೀನಿ ಪಾ" ಎಂದಳು ಚಂದಮ್ಮ.

"ನೀ ಸುಮ್ನ ನೆರಳಿಗೆ ಕೂತು ನೋಡಬೇ ಯವ್ವಾ. ಇದು ಮುದುಕರ ಆಟ ಅಲ್ಲ."

ಮರುದಿನ ಅರ್ಧ ಓಣಿ ನೆರೆಯಿತು. ಪಕ್ಕದ ಮನೆಯ ದರ್ಜಿ ಸರದಾರಸಾಬ ಎಣಿಸಲು ನಿಂತ. ಬಸವೇಶ್ವರಿ ಒಂದು ಸಣ್ಣ ಹಸಿರು ಲಿಂಬೆಕಾಯಿ ಕೊಡಲು ಬಂದಳು. "ಇದನ್ನ ಒಯ್ರಿ, ಗಟ್ಟಿ ಅದ."

"ಕಾಯಿ ಕೊಟ್ಟು ಸೋಲಿಸಬೇಕಂತಿಯೇನು? ಲಿಂಬಿ ಹಿಂಡೋದು ಬಿಟ್ರ ನಿನಗೇನು ಗೊತ್ತದ?" ಎಂದು ಅವನು ಸಂತೆಯಲ್ಲಿ ಆರಿಸಿ ತಂದ ಮುಷ್ಟಿ ಗಾತ್ರದ, ಬಂಗಾರದಂಥ ಹಣ್ಣು ಎತ್ತಿದ.

ಮೊದಲ ಹತ್ತು ಎಸೆತ ನೋಡಿದವರು ಭೇಷ್ ಅಂದರು. ಹನ್ನೊಂದಕ್ಕೆ ಹಣ್ಣು ಮೆತ್ತಗಾಯಿತು. ಹದಿಮೂರಕ್ಕೆ ಸಿಪ್ಪೆ ಸೀಳಿ ರಸ ಮೊಣಕೈಗಿಳಿಯಿತು. ಹದಿನಾರಕ್ಕೆ ಭುಜ ಹಿಡಿದುಕೊಂಡಿತು. ಇಪ್ಪತ್ತೊಂದನೆಯದು ಗುಡಿಗೆ ಹತ್ತು ಹೆಜ್ಜೆ ಮೊದಲೇ ಗಟಾರಕ್ಕೆ ಬಿತ್ತು.

"ಖಲ್ಲಾಸ್, ಸಾವ್ಕಾರ್ರ" ಎಂದ ಸರದಾರಸಾಬ.

ಇಲ್ಲಿಗೆ ಸುಮ್ಮನಾಗಿದ್ದರೆ ಒಂದೇ ಶ್ರಾವಣದಲ್ಲಿ ಮುಗಿಯುತ್ತಿತ್ತು. ಆದರೆ ರೇವಣಸಿದ್ದ ಮಾನ ಉಳಿಸಿಕೊಳ್ಳಲು ಹೊರಟ. "ಹಣ್ಣು ದಗಾ ಮಾಡ್ತು! ಈ ಹಾದಿ ಇಪ್ಪತ್ತೊಂದಕ್ಕ ಯಾರಿಗೂ ಆಗಂಗಿಲ್ಲ. ನೀವೇ ಅತ್ತಿ-ಸೊಸಿ ಇಲ್ಲಿಂದ ಮನಿತನಕ ಒಗದು ತೋರಿಸ್ರಿ. ಭಾದ್ರಪದನೂ ನಾನೇ ಬಡೀತೀನಿ!"

ಬಸವೇಶ್ವರಿ ಸೆರಗು ಸಿಕ್ಕಿಸಿ ಅದೇ ಹಸಿರು ಕಾಯಿ ಎತ್ತಿದಳು. ದಿನಕ್ಕೆ ಮೂವತ್ತು ರೊಟ್ಟಿಯಂತೆ ಹದಿನೆಂಟು ವರ್ಷ ಬಡಿದ ಕೈ ಅದು. ಲೆಕ್ಕ ಹಾಕುತ್ತ ಹೋದ ರೇವಣಸಿದ್ದ ಎರಡು ಲಕ್ಷದ ಹತ್ತಿರ ಬಂದಾಗ ಎಣಿಕೆ ಬಿಟ್ಟ. ಇಪ್ಪತ್ತನೆಯ ಎಸೆತಕ್ಕೆ ಕಾಯಿ ಮನೆಗೆ ಮೂವತ್ತು ಹೆಜ್ಜೆ ದೂರದ ಬೇವಿನಮರದ ಕೆಳಗಿತ್ತು. ಆ ಮರದ ನೆರಳಲ್ಲೇ ಚಂದಮ್ಮ ಕೂತಿದ್ದಳು, ಮಗ ಹೇಳಿದಂತೆ.

"ಈಗ ನನ್ನ ಪಾಳಿ" ಎಂದು ಎಪ್ಪತ್ತೆರಡರ ಮುದುಕಿ ಕೋಲು ಸೊಸೆಯ ಕೈಗೆ ಕೊಟ್ಟು ಕಾಯಿ ಬೀಸಿದಳು. ಅದು ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಅಡುಗೆಮನೆಯ ಹಿಟ್ಟಿನ ಡಬ್ಬಿಗೆ ಢಣ್ ಎಂದು ಬಡಿಯಿತು.

ಮೂರನೆಯ ದಿನ ರೇವಣಸಿದ್ದ ಒಲೆ ಮುಂದೆ ಕೂತಿದ್ದ. ಮೂಗಿನ ಮೇಲೂ ಹಿಟ್ಟು. ಬಾಗಿಲಲ್ಲಿ ಇಣುಕಿದ ಸರದಾರಸಾಬ ಬುಟ್ಟಿಯಲ್ಲಿದ್ದ ಸೊಟ್ಟ ರೊಟ್ಟಿ ನೋಡಿ ಕೇಳಿದ: "ಸಾವ್ಕಾರ್ರ, ಇದು ಯಾವ ಜಿಲ್ಲಾದ ನಕ್ಷಾರಿ?"

"ಯವ್ವಾ, ಭುಜ ಎತ್ತಾಕ ಬರವಲ್ದು" ಎಂದು ರೇವಣಸಿದ್ದ ನರಳಿದ.

"ಬಡಿ ಮಗನ, ಬಡಿ. ಎರಡು ತಿಂಗಳು ಬಡದ್ರ ಮುಂದಿನ ಪಂಚಮಿಗೆ ನಿನಗೂ ಒಗಿಯೋ ಕೈ ಬರ್ತದ" ಎಂದಳು ಚಂದಮ್ಮ.

ಅವನು ಏನೋ ಹೇಳಲು ಬಾಯಿ ತೆರೆದ.

"ಎದುರು ಮಾತಾಡಬ್ಯಾಡ್ರಿ" ಎಂದಳು ಬಸವೇಶ್ವರಿ, "ಹಂಚು ಕಾದದ."