ಹಾಜಿಯವರ ಇಂಗ್ಲಿಷ್ ಕ್ಲಬ್ಬು

ಕುವೈತಿನ ಮಿರ್ಕಾಬಿನಲ್ಲಿರುವ ನಮ್ಮ ಆಫೀಸಿನಲ್ಲಿ ವಾರಕ್ಕೊಂದಾದರೂ ತಮಾಷೆ ನಡೆಯದಿದ್ದರೆ ಚಹಾ ರುಚಿಸುವುದಿಲ್ಲ. ಕಾರಣ ಒಬ್ಬರೇ, ಸ್ಟೋರ್ ನೋಡಿಕೊಳ್ಳುವ ಬಂಟ್ವಾಳದ ಕಡೆಯ ಹಾಜಿಯವರು. ಉತ್ತರ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬೆಂದರೆ ಅವರಿಗೆ ಮೂವತ್ತು ವರ್ಷದಿಂದ ಪಂಚಪ್ರಾಣ. ಅದರ ಮೈದಾನವನ್ನು ಮಾತ್ರ ಕಣ್ಣಾರೆ ಕಂಡವರಲ್ಲ. ಮುಂದಿನ ವರ್ಷ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಖಲಾಸ್; ಊರಿಗೆ ವಾಪಸ್.

"ಅಷ್ಟರೊಳಗೆ ನನ್ನದೊಂದು ಸಲಾಂ ಆ ಮೈದಾನಕ್ಕೆ ಮುಟ್ಬೇಕು ಪೊರ್ಬುಗಳೇ," ಎನ್ನುತ್ತಿರುತ್ತಾರೆ. ಪೊರ್ಬು ಎಂದರೆ ನಾನು. ನಮ್ಮ ಕಡೆ ಕ್ರೈಸ್ತರನ್ನು ಹಾಗೇ ಕರೆಯುವುದು.

ಹಾಜಿಯವರ ಕ್ಯಾಲೆಂಡರು

ಒಮ್ಮೆ ಆಫೀಸಿನ ಈಜಿಪ್ಟಿನ ಗುಮಾಸ್ತ ಫಾರಂ ತುಂಬಿಸಲು ಕೂತ.

"ಕುವೈತಿಗೆ ಬಂದ ವರ್ಷ?"

"ನಮ್ಮ ಕ್ಲಬ್ ಕೆಳಗಿನ ದರ್ಜೆಗೆ ಬಿದ್ದ ವರ್ಷ."

"ಮದುವೆ?"

"ಗಿಡ್ಡ ಕ್ಯಾಪ್ಟನ್ ತಲೆಯಲ್ಲಿ ಹೊಡೆದು ಗೋಲ್ ಹಾಕಿ ವಾಪಸ್ ಮೇಲೆ ತಂದನಲ್ಲ, ಆ ವರ್ಷ."

ನಾನು ಮೊಬೈಲಿನಲ್ಲಿ ಕ್ಲಬ್ಬಿನ ಚರಿತ್ರೆ ತೆಗೆದು ಹಾಜಿಯವರ ಕಾಗದಪತ್ರಗಳಿಗೆ ತಾಳೆ ನೋಡಿದೆ. ಒಂದು ವರ್ಷವೂ ತಪ್ಪಿರಲಿಲ್ಲ. ನಿಜಕ್ಕೂ ದಂಗಾದೆ.

"ಮಗಳು ಹುಟ್ಟಿದ್ದು?" ಎಂದ ಗುಮಾಸ್ತ.

ಹಾಜಿಯವರು ಮೊದಲ ಸಲ ತಡವರಿಸಿದರು. "ಆ ವರ್ಷ ನಾವು ಎಂತದೂ ಗೆಲ್ಲಲಿಲ್ಲ. ಮನೆಗೆ ಫೋನ್ ಮಾಡಿ ಕೇಳ್ತೇನೆ."

ಪ್ರಾರ್ಥನೆ

ಅದೇ ಚರಿತ್ರೆಯಲ್ಲಿ ನನಗೊಂದು ಸಂಗತಿ ಸಿಕ್ಕಿತ್ತು. ಕ್ಲಬ್ಬನ್ನು ಕಟ್ಟಿದ್ದು ಒಂದು ಇಗರ್ಜಿಯ ಹುಡುಗರು, ಚಳಿಗಾಲದಲ್ಲಿ ಕ್ರಿಕೆಟ್ ಇಲ್ಲದೆ ಬೇಸರವಾಗಿ! ಬಿಡುತ್ತೇನೆಯೇ?

"ಹಾಜಿಯವರೇ, ಮೂವತ್ತು ವರ್ಷದಿಂದ ನೀವು ದುವಾ ಮಾಡಿದ್ದು ನಮ್ಮ ಇಗರ್ಜಿಯವರ ಟೀಮಿಗೆ!"

ಅವರಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು. ಸಾವಕಾಶವಾಗಿ ಕನ್ನಡಕ ತೆಗೆದು, "ಮತ್ತೆ ನೀವು ಸುಮ್ಮನೆ ಕೂತದ್ದು ಎಂತಕ್ಕೆ ಮಾರಾಯ್ರೆ? ಕಪ್ ತರ್ಲಿಕ್ಕೆ ನನ್ನೊಬ್ಬನಿಂದ ಆಗ್ತದಾ?" ಎಂದರು.

ಎಂಟುನೂರು ಗ್ರಾಂ

ಕಳೆದ ತಿಂಗಳು ನಮ್ಮ ಆಫೀಸಿನ ಹತ್ತಿರವೇ ಕ್ರೀಡಾ ಸಾಮಾನಿನ ಅಂಗಡಿ ಉದ್ಘಾಟನೆಗೆ ಆ ಕ್ಲಬ್ಬಿನ ನಿವೃತ್ತ ಗೋಲ್‌ಕೀಪರ್ ಬಂದ. ಕೊನೆಯ ನಿಮಿಷದ ಪೆನಾಲ್ಟಿ ಹಿಡಿದು ಕ್ಲಬ್ಬನ್ನು ಉಳಿಸಿದವನು. ಹಾಜಿಯವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಫಿಂಟಾಸಿನ ಮನೆಯಿಂದ ಬಸ್ಸಿನಲ್ಲಿ ಇಂಗ್ಲಿಷ್ ಬಾಯಿಪಾಠ ಮಾಡುತ್ತಾ ಬಂದರು. ಸಾಲಿನಲ್ಲಿ ಅವರ ಹಿಂದೆ ನಾನು.

ಸರದಿ ಬಂತು. ಆರೂವರೆ ಅಡಿ ಆಳನ್ನು ಕಂಡದ್ದೇ ಬಾಯಿಪಾಠವೆಲ್ಲ ಹಾರಿಹೋಯಿತು. ಕೊನೆಗೆ ಬಾಯಿಂದ ಬಂದದ್ದು ಗಲ್ಫಿನಲ್ಲಿರುವ ನಾವೆಲ್ಲ ಯಾರು ಸಿಕ್ಕರೂ ಕೇಳುವ ಪ್ರಶ್ನೆ.

"ವಾಪಸ್ ಯಾವಾಗ?"

"ನಾಳೆ," ಎಂದ ಅವನು.

ಹಾಜಿಯವರ ಮುಖ ಅರಳಿತು. ಊರಿಗೆ ಹೊರಟವರು ಸಿಕ್ಕರೆ ಅವರ ಕೈಗೊಂದು ಪಾರ್ಸೆಲ್ ಕೊಡುವುದು ಇಲ್ಲಿ ನಮ್ಮೆಲ್ಲರ ರೂಢಿ. ಚೀಲದಿಂದ ಸುತ್ತಲೂ ಟೇಪು ಬಿಗಿದ ಪೊಟ್ಟಣವೊಂದು ಹೊರಬಂತು. ಹೆಂಡತಿ ಕಾಸಿದ ಹಲ್ವಾ. ಮೇಲೆ ಮಾರ್ಕರಿನಲ್ಲಿ ದಪ್ಪಕ್ಷರದ ವಿಳಾಸ: ಮೈದಾನದಲ್ಲಿ ಹುಲ್ಲು ಕತ್ತರಿಸುವವರಿಗೆ.

"ಆಟಗಾರರಿಗೆ ಎಲ್ಲರೂ ಕೊಡ್ತಾರೆ ಸರ್. ಅವರಿಗೆ ಯಾರು ಕೊಡ್ತಾರೆ?"

ಗೋಲ್‌ಕೀಪರ್ ಕಕ್ಕಾಬಿಕ್ಕಿಯಾದ. "ನನ್ನ ಸೂಟ್‌ಕೇಸ್ ತುಂಬಿದೆಯಲ್ಲ."

ಹಾಜಿಯವರು ಜೇಬಿನಿಂದ ಲಗೇಜು ತೂಗುವ ಕೊಕ್ಕೆತಕ್ಕಡಿ ತೆಗೆದು ಅಲ್ಲೇ ತೂಗಿ ತೋರಿಸಿದರು. "ಎಂಟುನೂರು ಗ್ರಾಂ ಮಾತ್ರ. ನಿಮ್ಮ ದಪ್ಪ ಬೂಟು ಕಾಲಿಗೆ ಹಾಕಿಕೊಳ್ಳಿ ಸರ್, ಪೆಟ್ಟಿಗೆಯಲ್ಲಿ ಜಾಗ ಆಗ್ತದೆ."

ಅಂಗಡಿಯೇ ನಕ್ಕಿತು. ಅವನು ಮಾತ್ರ ನಗಲಿಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದು, "ನಾನೇ ಕೊಡುತ್ತೇನೆ," ಎಂದ. ಮೂವತ್ತು ವರ್ಷದ ಸಲಾಂ ಕೊನೆಗೂ ಹೊರಟಿತ್ತು.

ಹೊರಗೆ ಬಂದ ಮೇಲೆ ನೆನಪಾಯಿತು. "ಅಯ್ಯೋ ಹಾಜಿಯವರೇ! ಒಂದು ಫೋಟೋ ಇಲ್ಲ, ಒಂದು ಆಟೋಗ್ರಾಫ್ ಇಲ್ಲ!"

ಹಾಜಿಯವರು ಕಣ್ಣೊರೆಸಿಕೊಂಡು ನನ್ನನ್ನು ಗದರಿದರು: "ಎಂತ ಪೊರ್ಬುಗಳೇ, ಪಾರ್ಸೆಲ್ ಕೊಂಡುಹೋಗುವವರ ಹತ್ತಿರ ಇನ್ನೊಂದು ಉಪಕಾರ ಕೇಳ್ಲಿಕ್ಕೆ ಆಗ್ತದಾ?"